ಸಿ.ವಿ.ಯಲ್ಲಿ ಖಾಲಿ ಬಿಟ್ಟ ಮೂರು ವರ್ಷ

ಒಂದು ಹಾಳೆಯ ಸಿ.ವಿ. ಸರಿಮಾಡಲಿಕ್ಕೆ ಐದು ತಿಂಗಳು ತೆಗೆದುಕೊಂಡ ಪುಣ್ಯಾತ್ಮ ನಾನು. ಸೋಮಾರಿ ಎಂದು ಬೈದವರಿಂದ ಸುಮ್ಮನೆ ಬೈಸಿಕೊಂಡೆ. ನಿಜವಾದ ಕಾರಣ ಹೇಳುವುದಕ್ಕಿಂತ ಸೋಮಾರಿ ಅನ್ನಿಸಿಕೊಳ್ಳುವುದೇ ಸುಲಭವಾಗಿತ್ತು.

ನಾಸಿಕದಲ್ಲಿ ನಾವು ಕಟ್ಟುತ್ತಿದ್ದ ಕಟ್ಟಡ ಮುಗಿದು, ಕಂಪನಿ ನಮ್ಮನ್ನೆಲ್ಲ ಕೆಲಸದಿಂದ ಬಿಡಿಸಿತ್ತು. ಹೆಂಡತಿ ಬೆಳಿಗ್ಗೆ ಟೆಂಪೋ ಹತ್ತಿ ದಿಂಡೋರಿಯ ದ್ರಾಕ್ಷಿ ಪ್ಯಾಕಿಂಗ್ ಶೆಡ್ಡಿಗೆ ಹೋಗುತ್ತಿದ್ದಳು. ದಿನವಿಡೀ ನಿಂತು ನಿಂತು ಅವಳ ಕಾಲು ಊದಿಕೊಳ್ಳುತ್ತಿದ್ದವು. ನಾನು ಮನೆಯಲ್ಲಿ ಕೂತು ಫ್ಯಾನ್ ಒರೆಸಿದೆ. ಗ್ಯಾಸ್ ಒಲೆಯ ಬರ್ನರನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ತೊಳೆದೆ. ಮೊಬೈಲಿನಲ್ಲಿ ಹಳೆಯ ಸಿ.ವಿ. ತೆಗೆದು ಹೆಸರಿನ ಅಕ್ಷರ ದಪ್ಪ ಮಾಡಿದೆ, ಮತ್ತೆ ತೆಳ್ಳಗೆ ಮಾಡಿದೆ, ಮುಚ್ಚಿಟ್ಟೆ. ಕಡೆಯ ಮೂರು ವರ್ಷದ ಕೆಲಸ ಅದರಲ್ಲಿ ಸೇರಬೇಕಿತ್ತು, ಅಷ್ಟೆ.

"ಬರದ್ರೇನ್ರೀ?" ಎಂದು ಹೆಂಡತಿ ಬಂದ ಕೂಡಲೇ ಕೇಳುತ್ತಿದ್ದಳು.

"ನಾಳೆ ಬರೀತೀನಿ."

"ನಿಮ್ಮ ನಾಳೆ ಯಾವ ವಾರ ಬರ್ತದ ಮೊದಲ ಹೇಳಿಬಿಡ್ರಿ, ಅವತ್ತ ಹೋಳಿಗಿನರ ಮಾಡ್ತೀನಿ."

ಮೊದಮೊದಲು ನಗುತ್ತಾ ಅನ್ನುತ್ತಿದ್ದಳು. ಆಮೇಲೆ ನಗು ನಿಂತಿತು, ಕೊನೆಗೆ ಕೇಳುವುದನ್ನೂ ಬಿಟ್ಟಳು.

ಅಷ್ಟರಲ್ಲಿ ನನಗೆ ಮೊದಲಿನಿಂದ ಗೊತ್ತಿದ್ದ ಇಂಜಿನಿಯರ್ ಸಾಹೇಬರೊಬ್ಬರು ಸಂಭಾಜಿನಗರದಿಂದ ಫೋನ್ ಮಾಡಿದರು. ಅಲ್ಲಿ ಹೊಸ ಕಾರ್ಖಾನೆಯ ಕಟ್ಟಡ ಏಳುತ್ತಿತ್ತು, ಸೇಫ್ಟಿ ಸೂಪರ್‌ವೈಸರ್ ಬೇಕಿತ್ತು. ಸಿ.ವಿ. ಕಳಿಸು, ಜತೆಗೆ ಈ ಫಾರ್ಮ್ ತುಂಬು ಎಂದರು. ಎರಡು ವಾರದಲ್ಲಿ ಮೂರು ಸಲ ಫೋನ್ ಮಾಡಿದರು. ಮೂರನೆಯ ಸಲ, "ಸೋಮವಾರ ಬೆಳಿಗ್ಗೆಯೊಳಗೆ ಬರಲಿಲ್ಲ ಅಂದರೆ ಬೇರೆಯವನನ್ನು ತಗೋತೀನಿ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಆ ಮೂರು ವರ್ಷದ ಕಥೆ ಈಗ ಹೇಳಲೇಬೇಕು. ನಾವು ವಿಜಯಪುರದ ಕಡೆಯವರು. ಗ್ಯಾಂಗ್ ಕಟ್ಟಿಕೊಂಡು ಬರುವ ಮುಕಾದಮನ ಹಿಂದೆ ನಾಸಿಕಕ್ಕೆ ಬಂದು ಕಬ್ಬಿಣದ ಸರಳು ಕಟ್ಟುತ್ತಿದ್ದೆವು. ನಮ್ಮ ಗ್ಯಾಂಗಿನಲ್ಲಿ ಗೇಟ್ ಪಾಸ್ ಎಂದರೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಹಾಗೆ, ಮನೆಯವರು ಯಾರು ಬೇಕಾದರೂ ಹಾಕಿಕೊಂಡು ಹೋಗುವುದು. ಅಣ್ಣನಿಗೆ ಜ್ವರ ಬಂದರೆ ತಮ್ಮ, ಗಂಡ ಊರಿಗೆ ಹೋದರೆ ಭಾವಮೈದುನ. ಹಾಜರಿ ತಪ್ಪಬಾರದು. ವಾಚ್‌ಮನ್ ಕಾರ್ಡಿನ ಬಣ್ಣ ನೋಡುತ್ತಿದ್ದನೇ ಹೊರತು ಫೋಟೋ ನೋಡುತ್ತಿರಲಿಲ್ಲ. ಇದು ತಪ್ಪೆಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಆ ಮೂರು ವರ್ಷ ಶುರುವಾದಾಗ ನನ್ನ ತಮ್ಮ ಊರಿಂದ ಬಂದು ಎರಡು ವಾರವಾಗಿತ್ತು. ಎತ್ತರದಲ್ಲಿ ಕೆಲಸ ಮಾಡುವ ತರಬೇತಿ ಆಗದೆ ಪಾಸ್ ಕೊಡುತ್ತಿರಲಿಲ್ಲ, ಅವನದು ಆಗಿರಲಿಲ್ಲ. ಹಿಂದಿನ ದಿನ ಸ್ಲ್ಯಾಬ್ ಹಾಕಿ ನನ್ನ ಮೈಯೆಲ್ಲ ಹಣ್ಣಾಗಿತ್ತು. ಬೆಳಿಗ್ಗೆ ಏಳಲಾಗಲಿಲ್ಲ. ಜ್ವರವಿಲ್ಲ, ಏನಿಲ್ಲ, ನಿದ್ದೆ ಬೇಕಿತ್ತು.

"ನನ್ನ ಕಾರ್ಡ್ ತಗೊಂಡ್ ನೀ ಹೋಗೋ ಇವತ್ತ," ಅಂದೆ.

"ಬ್ಯಾಡಣ್ಣ. ಮ್ಯಾಲ ಹತ್ತಾಕ ನನಗಿನ್ನಾ ರೂಢಿಲ್ಲ. ಅಂಜಿಕಿ ಬರ್ತದ."

"ಮ್ಯಾಲ ಯಾರ್ ಹತ್ತಂತಾರ ನಿನಗ? ಕೆಳಗ ನಿಂತು ಸಳಿ ಎತ್ತಿಕೊಡು. ಹೋಗೋ ಮಾರಾಯಾ!"

ಕಾರ್ಡಿನ ದಾರವನ್ನು ನಾನೇ ಅವನ ಕೊರಳಿಗೆ ಹಾಕಿ, ಮಗ್ಗಲು ಬದಲಿಸಿ ಮಲಗಿದೆ. ಅವ್ವ ಆಗ ನೀರಿಗೆ ಹೋಗಿದ್ದಳು, ಹೆಂಡತಿ ತವರಿನಲ್ಲಿದ್ದಳು.

ಕಾರ್ಡಿನ ಮೇಲೆ ತರಬೇತಿ ಆದವನೆಂಬ ಗುರುತಿತ್ತಲ್ಲ, ಅದನ್ನು ನೋಡಿ ಅವನನ್ನು ಮೇಲೆಯೇ ಕಳಿಸಿದರು. ಏಳನೇ ಮಹಡಿಯಲ್ಲಿ ಲಿಫ್ಟಿಗೆಂದು ಬಿಟ್ಟ ಜಾಗದಿಂದ ಕೆಳಗೆ ಬಿದ್ದ. ಆಸ್ಪತ್ರೆಯಲ್ಲಿ ನರ್ಸ್ ಹೊರಗೆ ಬಂದು, ಕಾರ್ಡಿನಲ್ಲಿದ್ದ ನನ್ನ ಹೆಸರು ಕೂಗಿ, "ಇವರ ಕಡೆಯವರು ಯಾರು?" ಎಂದಳು. ನನ್ನ ಹೆಸರಿನವನು ಸತ್ತ ಸುದ್ದಿಯನ್ನು ನಾನೇ ಎದ್ದು ಹೋಗಿ ಕೇಳಿಸಿಕೊಂಡೆ.

ಮರುದಿನ ಕಂಪನಿಯ ಆಫೀಸಿನಲ್ಲಿ ಒಂದು ಕಾಗದ ಮುಂದಿಟ್ಟರು. ತಮ್ಮ ನನಗೆ ಹೇಳದೆ ಕೇಳದೆ ನನ್ನ ಪಾಸ್ ಕದ್ದುಕೊಂಡು ಒಳಗೆ ಹೋದ ಎಂದು ಮರಾಠಿಯಲ್ಲಿ ಬರೆದಿತ್ತು. ಮುಕಾದಮ ನನ್ನ ಹೆಗಲ ಮೇಲೆ ಕೈಯಿಟ್ಟ. "ಸಹಿ ಮಾಡ್. ಇಲ್ಲಾಂದ್ರ ಗ್ಯಾಂಗಿಗೆ ಗ್ಯಾಂಗ್ ಮನಿಗೆ ಹೊಕ್ಕೈತಿ. ಹ್ವಾದಾಂವ ಏನ್ ತಿರುಗಿ ಬರ್ತಾನೇನು?" ಥೂ ನನ್ನ ಜನ್ಮಕ್ಕೆ. ಸಹಿ ಮಾಡಿದೆ. ತಿಂಗಳೊಳಗೆ ನನ್ನನ್ನು ಸರಳು ಕಟ್ಟುವುದರಿಂದ ತೆಗೆದು ಸೇಫ್ಟಿ ಅಸಿಸ್ಟೆಂಟ್ ಮಾಡಿದರು, ಹಸಿರು ಹೆಲ್ಮೆಟ್ ಕೊಟ್ಟರು. ಗೇಟಿನ ಬಳಿ 'ಅಪಘಾತ: ಸೊನ್ನೆ' ಎಂಬ ಬೋರ್ಡಿತ್ತು. ಸತ್ತ ನನ್ನ ತಮ್ಮ ಆ ಕಂಪನಿಯ ಕೆಲಸಗಾರನೇ ಅಲ್ಲವಾದ್ದರಿಂದ ಆ ಸೊನ್ನೆ ಬದಲಾಗಲಿಲ್ಲ. ಅದರ ಧೂಳು ದಿನಾ ಬೆಳಿಗ್ಗೆ ಒರೆಸುವುದು ನನ್ನ ಕೆಲಸವಾಗಿತ್ತು.

ಆ ಕಾಗದವನ್ನು ಅವ್ವ ನಂಬಿದಳು. ನಾನೇ ಓದಿ ಹೇಳಿದ್ದೆ, ನಂಬದೆ ಏನು ಮಾಡುತ್ತಾಳೆ? ಅಮಾವಾಸ್ಯೆಗೆ ಅವನ ಹೆಸರಿನಲ್ಲಿ ಎಡೆ ಹಿಡಿಯುವಾಗಲೂ ಬೈಯುತ್ತಿದ್ದಳು. "ಕೇಳಿದ್ರ ಅಣ್ಣ ಕೊಡ್ತಿದ್ದಿಲ್ಲೇನೋ, ಕಳ್ಳ ಭಾಡ್ಯಾ? ಕದ್ದು ಹೋಗಿ ಸತ್ತ್ಯಲ್ಲೋ!" ಬೈದು ಬೈದು ಅಳುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದೆ.

ಸೋಮವಾರದ ಗಡುವಿನ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಹೆಂಡತಿ ನನ್ನ ಕೈಯಿಂದ ಮೊಬೈಲ್ ಕಸಿದುಕೊಂಡು ನೆಲದ ಮೇಲೆ ಕೂತಳು.

"ನೀವು ಬರೀಬ್ಯಾಡ್ರಿ. ಬಾಯಿಲೆ ಹೇಳ್ರಿ, ನಾ ತುಂಬ್ತೀನಿ. ಎಲ್ಲಿಂದ ಎಲ್ಲೀತನಕ?"

ಹೇಳಿದೆ. ಕಂಪನಿ, ಹುದ್ದೆ ಎಲ್ಲ ಹೇಳಿದೆ. ಹತ್ತು ನಿಮಿಷ ಹಿಡಿಯಲಿಲ್ಲ. ಸಿ.ವಿ. ಮುಗಿಯಿತು, ಸಾಹೇಬರ ಫಾರ್ಮ್ ತೆಗೆದಳು. ಅದರ ಕೊನೆಯ ಪ್ರಶ್ನೆಯನ್ನು ಜೋರಾಗಿ ಓದಿದಳು: "ನೀವು ಇದ್ದಾಗ ಆ ಸೈಟಿನ್ಯಾಗ ಅಪಘಾತ ಆಗಿತ್ತೇನು? ಆಗಿದ್ರ ಕಾರಣ ಏನು?"

ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ತಲೆ ಎತ್ತದೆ ಅಂದಳು: "ಬರಿಯವ್ವಾ, ಅವಂದು ಬರಿ. ಅಣ್ಣನ ಕಾರ್ಡ್ ಕದ್ದ, ಸತ್ತ ಅಂತ ಬರಿ."

ಹೆಂಡತಿ ನನ್ನ ಕಡೆ ನೋಡಿದಳು. ಸುಮ್ಮನಿದ್ದರೆ ಅವಳು ಅದನ್ನೇ ಬರೆಯುತ್ತಾಳೆ, ನಾನು ಎರಡನೇ ಸಲ ಸಹಿ ಮಾಡಿದ ಹಾಗೆ ಆಗುತ್ತದೆ.

"ಹಂಗಲ್ಲ," ಅಂದೆ. "ಕಾರ್ಡ್ ನಾನ ಕೊಟ್ಟಿದ್ದೆ. ಅಂವ ಬ್ಯಾಡ ಅಂದ್ರೂ ಕೊಳ್ಳಾಗ ಹಾಕಿ ಕಳಿಸಿದ್ದೆ. ನನಗ ನಿದ್ದಿ ಬೇಕಾಗಿತ್ತು. ಹಂಗ ಬರಿ."

ಅವ್ವನ ಕೈ ಮೊರದ ಮೇಲೆ ನಿಂತಿತು. ಹೆಂಡತಿ ಕೆಳತುಟಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಒತ್ತಿದಳು. ಕಳಿಸಲೇ ಎಂದೂ ಕೇಳಲಿಲ್ಲ, ಕಳಿಸಿಬಿಟ್ಟಳು.

ಮೂರು ದಿನ ಅವ್ವ ತಾಟು ತಂದು ಮುಂದಿಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಬುಧವಾರ ಸಾಹೇಬರು ಬರಹೇಳಿದರು. ಎಸ್.ಟಿ. ಬಸ್ಸಿನಲ್ಲಿ ಸಂಭಾಜಿನಗರ ಮುಟ್ಟುವ ತನಕ, ಯಾರಾದರೂ ಇಂಥದನ್ನು ಬರೆದು ಕಳಿಸುತ್ತಾರೇನು ಎಂದು ನನ್ನನ್ನೇ ಬೈದುಕೊಂಡೆ. ಸಾಹೇಬರ ಪಕ್ಕದಲ್ಲಿ ಕೂತಿದ್ದ ದೊಡ್ಡ ಅಧಿಕಾರಿ ಫಾರ್ಮನ್ನು ಎರಡು ಸಲ ಓದಿದ.

"ಇದು ನಿಜವಾ?" ಎಂದು ಹಿಂದಿಯಲ್ಲಿ ಕೇಳಿದ.

"ನಿಜ ಸಾಹೇಬ್."

ಅವನು ಸಾಹೇಬರ ಕಡೆ ತಿರುಗಿ, "ಇವನನ್ನು ಗೇಟಿಗೆ ಹಾಕಿ. ಇವನು ಮುಖ ನೋಡದೆ ಒಬ್ಬನನ್ನೂ ಬಿಡಲಿಕ್ಕಿಲ್ಲ" ಅಂದ. ಸಂದರ್ಶನ ಅಲ್ಲಿಗೆ ಮುಗಿಯಿತು. ತಮ್ಮ ಸತ್ತದ್ದಕ್ಕೆ ನನಗೆ ಸಿಕ್ಕ ಎರಡನೇ ನೌಕರಿ ಅದು. ಬಸ್ ಸ್ಟ್ಯಾಂಡಿನ ನಲ್ಲಿಯ ಕೆಳಗೆ ತಲೆಯೊಡ್ಡಿ ಅತ್ತೆ.

ಸಂಜೆ ನಾಸಿಕಕ್ಕೆ ಬಂದಾಗ ಹೆಂಡತಿ ಇನ್ನೂ ಶೆಡ್ಡಿನಿಂದ ಬಂದಿರಲಿಲ್ಲ. ಅವ್ವ ಹೊಸ್ತಿಲಲ್ಲಿ ಕೂತಿದ್ದಳು.

"ಅವ್ವಾ, ಕೆಲಸ ಸಿಕ್ತು," ಅಂದೆ.

ತಲೆ ಎತ್ತಿ ನನ್ನ ಮುಖ ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡು ನಾನು ಅವಳ ಮುಂದೆಯೇ ಕುಕ್ಕರುಗಾಲಲ್ಲಿ ಕೂತೆ.

"ಮೂರು ವರ್ಷ ನನ್ನ ಬಾಯಿಲೆ ಅವಂಗ ಕಳ್ಳ ಅನಿಸಿದ್ಯಲ್ಲೋ," ಅಂದಳು. "ಅಂವ ಕದ್ದಿಲ್ಲ ಅಂತ ಈಗ ನನಗ ಗೊತ್ತಾತು. ನನಗ ಗೊತ್ತಾತು ಅಂತ ಅವಂಗ ಯಾರು ಹೇಳಬೇಕು?"