ಖಾಲಿ ಬಿಡದ ಕಾಲಂ

ಮೂವತ್ತೊಂದು ವರ್ಷ ಹಣ್ಣು ರುಬ್ಬಿದ ಆ ಹೆಂಗಸು ಮನೆಯಲ್ಲಿ ಒಂದು ಹಣ್ಣನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಹೊರದೇಶದಿಂದ ಬಂದಿಳಿಯುವ ಹಣ್ಣು, ತರಕಾರಿಯಲ್ಲಿ ವಿಷ ಉಳಿದಿದೆಯೇ ಎಂದು ನೋಡುವ ಸರ್ಕಾರಿ ಪ್ರಯೋಗಾಲಯದಲ್ಲಿ ಅವಳಿಗೆ ನೌಕರಿ. ಕೊಚ್ಚಿ, ರುಬ್ಬಿ, ಬಾಟಲಿಗೆ ತುಂಬಿ ಯಂತ್ರದ ಕೋಣೆಗೆ ಕೊಡುವುದು, ದಾಖಲೆ ಪುಸ್ತಕ ಬರೆಯುವುದು ಅವಳ ಕೆಲಸ. ಸಿಪ್ಪೆ ಸಮೇತ ರುಬ್ಬಬೇಕೆಂಬುದು ನಿಯಮ. ಹೊಸಬರು ಯಾರಾದರೂ ಸೇಬು ಹಿಡಿದು ನಲ್ಲಿಯ ಕಡೆ ಹೊರಟರೆ ಸಾಕು, "ವಿಷ ತೊಳ್ದುಬಿಟ್ಟು ಆಮೇಲೆ ವಿಷ ಹುಡುಕ್ತೀರಾ?" ಎಂದು ಅಲ್ಲೇ ನೀರಿಳಿಸುತ್ತಿದ್ದಳು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಸಿಪ್ಪೆಯಕ್ಕ.

ಪುಸ್ತಕದಲ್ಲಿ ಒಂದೇ ಒಂದು ಕಾಲಂ ಖಾಲಿ ಬಿಟ್ಟವಳಲ್ಲ. ಬರೆಯಲು ಏನೂ ಇಲ್ಲದ ಕಡೆ ಗೀಟೆಳೆದು ಸಹಿ ಹಾಕುತ್ತಿದ್ದಳು. "ಮದುವೆ ಅನ್ನೋ ಕಾಲಮ್ಮಿಗೂ ಗೀಟೆಳೆದುಬಿಟ್ಯಾ ಅಕ್ಕಾ?" ಎಂದು ಯಂತ್ರದ ಕೋಣೆಯವನು ಕಿಚಾಯಿಸಿದರೆ, "ಹೂಂ, ಸಹಿನೂ ಹಾಕಿದೀನಿ" ಎನ್ನುವಳು.

ಅವಳಿಗಿದ್ದವನು ಒಬ್ಬ ತಮ್ಮ. ತಾಯಿ ತೀರಿಕೊಂಡ ಮೇಲೆ ಇವಳೇ ಸೊಂಟದ ಮೇಲೆ ಹೊತ್ತು ಸಾಕಿದ್ದಳು. ಅವನಿಗೆ ಕೆಲಸ ಔಷಧಿ ಕಾರ್ಖಾನೆಯಲ್ಲಿ. ಬೆಳೆಗೆ ಹೊಡೆಯುವ ಔಷಧಿ ಅದು. ವಿಷವನ್ನು ಔಷಧಿ ಎಂದು ಕರೆದರೆ ವಿಷಕ್ಕೂ ಮರ್ಯಾದೆ, ಮಾರುವವನಿಗೂ ಮರ್ಯಾದೆ. ತಮ್ಮ ಡಬ್ಬಿಗೆ ತುಂಬುತ್ತಿದ್ದ ಔಷಧಿಯನ್ನು ದೇಶದಲ್ಲಿ ನಿಷೇಧಿಸಿ ಒಂಬತ್ತು ವರ್ಷವಾಗಿತ್ತು. ಮಾರುವಂತಿಲ್ಲ, ಹೊಡೆಯುವಂತಿಲ್ಲ, ಆದರೆ ತಯಾರಿಸಬಹುದು. ಡಬ್ಬಿಯ ಮೇಲೆ 'ರಫ್ತಿಗೆ ಮಾತ್ರ' ಎಂದು ಅಚ್ಚೊತ್ತಿದರೆ ಮುಗಿಯಿತು, ಪರದೇಶದವರ ಹೊಟ್ಟೆ ಹೊಟ್ಟೆಯಲ್ಲವಲ್ಲ! ಎರಡು ವರ್ಷದಿಂದ ತಮ್ಮನ ಕೈ ನಡುಗುತ್ತಿತ್ತು. ಅಂಗಿಯ ಗುಂಡಿಯನ್ನು ಹೆಂಡತಿ ಹಾಕಬೇಕು. ಕಾರ್ಖಾನೆಯ ಡಾಕ್ಟರು, "ನರದ ವೀಕ್ನೆಸ್ಸು, ಟೀ ಕಮ್ಮಿ ಮಾಡು" ಎಂದು ಕಳಿಸಿದ್ದ.

ಅವಳ ನಿವೃತ್ತಿಗೆ ಮೂರು ತಿಂಗಳಿದ್ದಾಗ ದ್ರಾಕ್ಷಿಯ ಲೋಡು ಬಂತು. ಪೆಟ್ಟಿಗೆ ಬಿಚ್ಚಿದವಳ ಕೈ ಅಲ್ಲೇ ನಿಂತಿತು. ಕೊಳೆತ ಬೆಳ್ಳುಳ್ಳಿಯಂಥ ವಾಸನೆ, ತೀರಾ ತೆಳುವಾಗಿ. ತಮ್ಮನ ಅಂಗಿಯ ವಾಸನೆ. ರುಬ್ಬಿ ಕೊಟ್ಟಳು. ಸಂಜೆಯ ವರದಿ ಹೇಳಿತು: ಪತ್ತೆಯಾಗಿಲ್ಲ.

ಅವಳು ನೆಟ್ಟಗೆ ಸಾಹೇಬರ ಕೋಣೆಗೆ ಹೋಗಿ ಆ ಔಷಧಿಯ ಹೆಸರು ಹೇಳಿದಳು.

"ಪಟ್ಟೀಲಿ ಇದ್ರೆ ತಾನೇ ಯಂತ್ರ ಹುಡುಕೋದು?" ಎಂದರು ಸಾಹೇಬರು. "ನಿಷೇಧ ಆದ್ಮೇಲೆ ಅದನ್ನ ಪಟ್ಟಿಯಿಂದ ತೆಗೆದಾಯ್ತು. ಇಲ್ಲಿ ಯಾರೂ ಬಳಸಲ್ವಲ್ಲ."

"ನಾವು ಬಿಟ್ವಿ ಸಾರ್. ಹಣ್ಣು ಕಳಿಸೋರು ಬಿಟ್ರಾ?"

ಸಾಹೇಬರು ಕೆಟ್ಟವರೇನಲ್ಲ. ಯಂತ್ರಕ್ಕೆ ಮೊದಲು ಆ ವಿಷದ ಶುದ್ಧ ಪುಡಿಯನ್ನು ತೋರಿಸಿ ಗುರುತು ಹಿಡಿಸಬೇಕು. ತಂದರೆ ನೋಡೋಣ ಎಂದರು. ಆದರೆ ನಿಷೇಧಿಸಿದ ವಿಷವನ್ನು ಪ್ರಯೋಗಾಲಯವೂ ಕೊಳ್ಳುವಂತಿಲ್ಲ. ನಿಷೇಧ ಮುರಿದಿದ್ದಾರೆಂದು ತೋರಿಸಲು ಪುಡಿ ಬೇಕು, ಪುಡಿ ತರಲು ನಿಷೇಧ ಅಡ್ಡ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. ಲೋಡು ಗೋದಾಮಿನಲ್ಲಿ ಇರುವುದು ಇನ್ನು ನಾಲ್ಕೇ ದಿನ, ಆಮೇಲೆ ಮಾರುಕಟ್ಟೆಗೆ.

ಅವಳು ತಮ್ಮನ ಮನೆಗೆ ಹೋಗಿ ಕೂತಳು. ಕೇಳಬಾರದಿತ್ತು, ಕೇಳಿದಳು.

"ಒಂದು ಚಿಟಿಕೆ ತಾನೇ?" ಎಂದ ತಮ್ಮ. "ಊಟದ ಡಬ್ಬಿ ಮುಚ್ಚಳದಲ್ಲಿ ತರ್ತೀನಿ ಬಿಡು. ಹಣ್ಣಲ್ಲಿ ಆ ವಿಷ ಸಿಕ್ರೆ ನನ್ನ ಕೈ ಯಾಕೆ ಕುಣೀತಿದೆ ಅಂತ ಆ ಡಾಕ್ಟರಿಗೂ ಗೊತ್ತಾಗ್ಲಿ."

ತಂದುಕೊಟ್ಟ. ಯಂತ್ರ ವಿಷದ ಗುರುತು ಹಿಡಿಯಿತು. ಮೂರನೆಯ ದಿನ ವರದಿ ಬಂದಾಗ ಯಂತ್ರದ ಕೋಣೆಯವನು ಕಾಗದ ಹಿಡಿದು ಓಡಿಬಂದ. ಪತ್ತೆಯಾಗಿದೆ, ಮಿತಿಗಿಂತ ಹನ್ನೊಂದು ಪಟ್ಟು! ಲೋಡಿಗೆ ತಡೆ ಬಿತ್ತು. ಸಿಪ್ಪೆಯಕ್ಕ ಬಾತ್‌ರೂಮಿಗೆ ಹೋಗಿ ಒಬ್ಬಳೇ ಅತ್ತಳು. ಸಂತೋಷಕ್ಕೂ ಅಳು ಬರುತ್ತದೆಂದು ಅವಳಿಗೆ ಗೊತ್ತಾದದ್ದು ಅವತ್ತೇ. ಆಮೇಲೆ ಮುಖ ತೊಳೆದು ಬಂದು ಪುಸ್ತಕ ತೆರೆದಳು. ಹಣ್ಣಿನ ಹೆಸರು, ತೂಕ, ತಾರೀಖು. ಕೊನೆಯ ಕಾಲಂ: 'ಗುರುತಿನ ಪುಡಿ ಎಲ್ಲಿಂದ ಬಂತು'. ಮೂವತ್ತೊಂದು ವರ್ಷದ ಕೈ ಅದು, ಕೇಳಿದ್ದಕ್ಕೆ ಬರೆಯುವ ಕೈ. ಕಾರ್ಖಾನೆಯ ಹೆಸರು ಬರೆಯಿತು, ವಿಭಾಗದ ನಂಬರು ಬರೆಯಿತು, ಸಹಿ ಹಾಕಿತು.

ಹಣ್ಣು ತರಿಸಿದವನು ವಕೀಲನನ್ನು ಕಳಿಸಿದ. ಪುಡಿಗೆ ಶುದ್ಧತೆಯ ಪ್ರಮಾಣಪತ್ರ ಎಲ್ಲಿ ಎಂದು ವಕೀಲ ಕೇಳಿದ. ಸಾಹೇಬರು ಪುಸ್ತಕದ ಪುಟದ ನಕಲು ಲಗತ್ತಿಸಿ, ದಯವಿಟ್ಟು ಪ್ರಮಾಣಪತ್ರ ಕಳಿಸಿ ಎಂದು ಕಾರ್ಖಾನೆಗೇ ಕಾಗದ ಬರೆದರು. ಇಂಥ ಜಾಣರನ್ನು ಎಲ್ಲಿ ಹುಡುಕೋಣ! ಕಾರ್ಖಾನೆಯವರು ಪ್ರಮಾಣಪತ್ರ ಕಳಿಸಲಿಲ್ಲ, ಆ ವಿಭಾಗದ ಆರು ಜನರನ್ನು ಸಾಲಾಗಿ ನಿಲ್ಲಿಸಿದರು. ಪ್ರಯೋಗಾಲಯದಲ್ಲಿ ಅಕ್ಕನಿದ್ದವನು ಒಬ್ಬನೇ.

ಪ್ರಮಾಣಪತ್ರವಿಲ್ಲದ ಪುಡಿಯ ಪರೀಕ್ಷೆ ಲೆಕ್ಕಕ್ಕಿಲ್ಲ ಎಂದು ಮೇಲಧಿಕಾರಿಗಳು ಮೊದಲಿನ ವರದಿಯನ್ನೇ ಎತ್ತಿಹಿಡಿದರು. ಪತ್ತೆಯಾಗಿಲ್ಲ. ದ್ರಾಕ್ಷಿ ಮಾರುಕಟ್ಟೆಗೆ ಹೋಯಿತು.

ಭಾನುವಾರ ಸಿಪ್ಪೆಯಕ್ಕ ತಮ್ಮನ ಮನೆಗೆ ಹೋದಳು. ತಮ್ಮನ ಹೆಂಡತಿ ಬಾಗಿಲು ತೆರೆದು, ಬೆನ್ನು ತಿರುಗಿಸಿ ಒಳಗೆ ಹೋದಳು. ಮೇಜಿನ ಮೇಲೆ ತಟ್ಟೆಯಲ್ಲಿ ದ್ರಾಕ್ಷಿ. ಕೆಲಸ ಹೋದ ಸುದ್ದಿ ಕೇಳಿ ಪಕ್ಕದ ಮನೆಯವರು ತಂದುಕೊಟ್ಟಿದ್ದರಂತೆ, ಬರಿಗೈಲಿ ಹೇಗೆ ಬರುವುದು ಎಂದು. ತಮ್ಮ ಕಾರ್ಖಾನೆಯ ಕಾಗದವನ್ನು ಮುಂದೆ ಚಾಚಿದ. ಅವನ ಕೈಯಲ್ಲಿ ಅದು ಎಷ್ಟು ನಡುಗುತ್ತಿತ್ತೆಂದರೆ ಅವಳು ಕಿತ್ತುಕೊಂಡೇ ಓದಬೇಕಾಯಿತು. ತಾವು ಮಾಡಿರುವ ಕಳ್ಳತನ ಪತ್ತೆಯಾಗಿದೆ, ಎಂದಿತ್ತು.

"ಅಕ್ಕಾ, ಆ ಕಾಲಮ್ಮಿಗೆ ಒಂದು ಗೀಟೆಳೆದಿದ್ರೆ ಏನಾಗ್ತಿತ್ತು?"

ತಟ್ಟೆಯನ್ನು ಎತ್ತಿಕೊಂಡು ಹೋಗಿ ಕಸದ ಬುಟ್ಟಿಗೆ ಸುರಿದು ಬಂದು, ಅವಳು ಅವನ ಮುಂದೆ ಕೂತಳು. ತೆರೆದೇ ಇದ್ದ ಅವನ ಅಂಗಿಯ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಹಾಕತೊಡಗಿದಳು.

"ಏನೂ ಆಗ್ತಿರ್ಲಿಲ್ಲ ಕಣೋ," ಎಂದಳು. "ಮೂವತ್ತೊಂದು ವರ್ಷ ಆ ಪುಸ್ತಕಾನ ಯಾರೂ ಓದ್ತಾನೇ ಇರ್ಲಿಲ್ಲ."