ಮುಖ್ಯ ಅತಿಥಿಗಳು ಬರುವ ತನಕ

ನಮ್ಮ ಮಂಡ್ಯದ ಕಡೆ ಯಾವ ಸಭೆಯಲ್ಲೇ ಆಗಲಿ ಸಂಗೀತಕ್ಕೆ ಇರುವುದು ಒಂದೇ ಕೆಲಸ: ಮುಖ್ಯ ಅತಿಥಿಗಳು ಬರುವ ತನಕ ಜನ ಎದ್ದುಹೋಗದ ಹಾಗೆ ನೋಡಿಕೊಳ್ಳುವುದು. ಅವರು ಬಂದ ಕೂಡಲೇ ಹಾಡುವವರು ಚರಣದ ಮಧ್ಯದಲ್ಲೇ ಬಾಯಿ ಮುಚ್ಚಿ, ಹಾರ್ಮೋನಿಯಂ ಎತ್ತಿಕೊಂಡು ಪಕ್ಕಕ್ಕೆ ಸರಿಯಬೇಕು. ಚಿಕ್ಕಂದಿನಿಂದ ಇದನ್ನು ನೋಡಿದ್ದೇನೆ, ಪಿಟೀಲು ಹಿಡಿದುಕೊಂಡು ನಾನೇ ಎಷ್ಟೋ ಸಲ ಸರಿದಿದ್ದೇನೆ. ಆದರೂ ನಮ್ಮ ತಂತಿವಾದ್ಯ ವೃಂದದ ಮೊದಲ ವರ್ಷದ ಕಛೇರಿಗಳನ್ನು ಗೊತ್ತುಮಾಡುವಾಗ ಇದು ಒಬ್ಬರ ತಲೆಗೂ ಹೊಳೆಯಲಿಲ್ಲ.

ವೃಂದ ಹುಟ್ಟಿದ್ದು ನಮ್ಮ ಅಧ್ಯಕ್ಷರ ಹಟದಿಂದ. ಅವರು ಕಬ್ಬು, ಭತ್ತ ಬೆಳೆಯುವ ದೊಡ್ಡ ಹಿಡುವಳಿದಾರರು. ಕಬ್ಬು ಬೆಳೆಗಾರರ ಗುಂಪಿನೊಂದಿಗೆ ಹೊರದೇಶಕ್ಕೆ ಪ್ರವಾಸ ಹೋದಾಗ ಮಳೆಗೆ ಸಿಕ್ಕು ಒಂದು ಚರ್ಚಿನೊಳಗೆ ನಿಂತರಂತೆ. ಅಲ್ಲಿ ಹತ್ತು ಹನ್ನೆರಡು ಜನ ಪಿಟೀಲು, ಅದಕ್ಕಿಂತ ದೊಡ್ಡ ಪಿಟೀಲು, ನಿಂತುಕೊಂಡೇ ಬಾರಿಸಬೇಕಾದಷ್ಟು ದೊಡ್ಡ ಪಿಟೀಲು ಎಲ್ಲವನ್ನೂ ಇಟ್ಟುಕೊಂಡು ಒಟ್ಟಿಗೆ ನುಡಿಸುತ್ತಿದ್ದರು. ಮಳೆ ನಿಂತ ಮೇಲೂ ಅಧ್ಯಕ್ಷರು ಹೊರಗೆ ಬರಲಿಲ್ಲ. ಊರಿಗೆ ಬಂದವರು ಅಲ್ಲಿನ ಸಕ್ಕರೆ ಕಾರ್ಖಾನೆಯ ಬಗ್ಗೆ ಒಂದು ಮಾತೂ ಆಡದೆ, ಮಂಡ್ಯಕ್ಕೂ ಅಂಥದೊಂದು ಬೇಕೇಬೇಕು ಎಂದು ಪಟ್ಟು ಹಿಡಿದರು. ಅವರು ಪಟ್ಟು ಹಿಡಿದರೆ ಬಿಡಿಸುವವರು ಯಾರೂ ಇಲ್ಲ.

ಹಾಗೆ ಸೇರಿಕೊಂಡವರಲ್ಲಿ ನಾನೊಬ್ಬಳು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಟೀಚರು. ಮೂವತ್ತು ವರ್ಷ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಪಿಟೀಲಿನ ತಲೆಯನ್ನು ಕಾಲಿಗೆ ಆನಿಸಿ ನುಡಿಸಿದವಳು ಕುರ್ಚಿಯ ಮೇಲೆ ಕೂತು ಅದನ್ನು ಗಲ್ಲದ ಕೆಳಗೆ ಹಿಡಿಯುವುದನ್ನು ಕಲಿಯಬೇಕಾಯಿತು. ಕತ್ತು ಉಳುಕಿತು, ಬೈದುಕೊಂಡೆ, ಕಲಿತೆ. ಮಿಕ್ಕವರ ಕಥೆಯೂ ಹೆಚ್ಚುಕಡಿಮೆ ಇದೇ.

ನಮಗೆ ಹೇಳಿಕೊಟ್ಟವರು, ಮುಂದೆ ನಿಂತು ಕೈ ಆಡಿಸುತ್ತಿದ್ದವರು ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭತ್ತದ ತಳಿಗಳ ಮೇಲೆ ಕೆಲಸ ಮಾಡಿ ನಿವೃತ್ತರಾದ ಒಬ್ಬ ವಿಜ್ಞಾನಿ. ಪ್ರಾಯದಲ್ಲಿ ತರಬೇತಿಗೆಂದು ವಿದೇಶಕ್ಕೆ ಹೋದಾಗ, ಉಳಿದುಕೊಂಡ ಮನೆಯ ಯಜಮಾನಿ ಇವರಿಗೆ ಪಾಶ್ಚಾತ್ಯ ಸಂಗೀತ ಓದುವುದು, ಬರೆಯುವುದು ಎರಡನ್ನೂ ಕಲಿಸಿದ್ದಳು. ಅಲ್ಲಿಂದ ಬಂದ ಮೇಲೆ, ಫಾರಂನಿಂದ ಮನೆಗೆ ಬಂದ ಪ್ರತಿ ಸಂಜೆಯೂ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಂದೇ ಕೃತಿಯನ್ನು ಬರೆಯುತ್ತ, ತಿದ್ದುತ್ತ ಕೂತಿದ್ದರು. ಮಾತು ಎಣಿಸಿ ಆಡುವ ಮನುಷ್ಯ. ಅವರ ಹೆಂಡತಿ ಕಿರುಗಾವಲಿನ ಕಡೆಯವರು, ಮಾತಿನಲ್ಲಿ ಎಣಿಕೆ ಇಟ್ಟವರಲ್ಲ. ಗಂಡ ಮೇಲೆ ಏನು ಮಾಡುತ್ತಾರೆಂದು ಯಾರಾದರೂ ಕೇಳಿದರೆ, ಕಾಗದಕ್ಕೆ ಕಪ್ಪು ಚುಕ್ಕೆ ಇಡುತ್ತಾರೆ ಎನ್ನುತ್ತಿದ್ದರು.

ಆ ಕೃತಿಯನ್ನು ಆ ವರ್ಷದ ಮೂರೂ ಕಛೇರಿಗಳಲ್ಲಿ ನುಡಿಸುವುದೆಂದು ತೀರ್ಮಾನವಾಯಿತು. ಮಂಡ್ಯ, ಮದ್ದೂರು, ಮಳವಳ್ಳಿ. ಪ್ರತಿ ಊರಿಗೂ ಒಬ್ಬೊಬ್ಬ ಅತಿಥಿ ಕಲಾವಿದರು, ಜೊತೆಗೆ ಒಬ್ಬೊಬ್ಬ ಮುಖ್ಯ ಅತಿಥಿಗಳು. ಎರಡನೆಯದು ಬೇಡ ಎಂದು ವಿಜ್ಞಾನಿಗಳು ಮೆಲ್ಲಗೆ ಹೇಳಿ ನೋಡಿದರು. ಮುಖ್ಯ ಅತಿಥಿ ಇಲ್ಲದ ಕಾರ್ಯಕ್ರಮಕ್ಕೆ ಕಾರ್ಡು ಹಂಚಲು ತಮಗೆ ನಾಚಿಕೆಯಾಗುತ್ತದೆ ಎಂದರು ಅಧ್ಯಕ್ಷರು.

ಅವರಿಗೆ ಇನ್ನೂ ಒಂದು ತಕರಾರಿತ್ತು. "ಜನುಕ್ಕೆ ಬೆನ್ನಾಕ್ಕಂಡು ನಿಂತ್ಕಂಡ್ರೆ ಏನಂದ್ಕಂಡಾರು ಸಾರ್? ಈವಯ್ಯ ನಮ್ಮ ಮ್ಯಾಲೆ ಮುನಿಸ್ಕಂಡವ್ನೆ ಅಂತಾರೆ." ನಮ್ಮ ಕಡೆ ಮುಖ ಮಾಡದಿದ್ದರೆ ನಾವು ನುಡಿಸುವುದು ಹೇಗೆ ಎಂದು ನಾನು ವಾದಿಸಿದೆ. ಕೊನೆಗೆ ಪಂಚಾಯಿತಿ ಮಾಡಿ ವಿಜ್ಞಾನಿಗಳನ್ನು ಅಡ್ಡಡ್ಡ ನಿಲ್ಲಿಸಲಾಯಿತು, ಜನಕ್ಕೂ ಅರ್ಧ ಮುಖ, ನಮಗೂ ಅರ್ಧ ಮುಖ. ಎಡಗಡೆ ಕೂತ ನಮಗೆ ಅವರ ಒಂದು ಕೈ ಮಾತ್ರ ಕಾಣುತ್ತಿತ್ತು. ಇನ್ನೊಂದು ಕೈ ಏನು ಹೇಳುತ್ತಿದೆಯೆಂದು ಬಲಗಡೆಯವರ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆವು.

ಮಂಡ್ಯದ ಕಛೇರಿಗೆ ಬೆಂಗಳೂರಿನಿಂದ ಚೆಲ್ಲೋ ಎಂಬ ದೊಡ್ಡ ಪಿಟೀಲು ನುಡಿಸುವ ಹುಡುಗಿ ಬಂದಳು. ಅವಳು ವಾದ್ಯ ಮುಟ್ಟುವುದಕ್ಕೆ ಮೊದಲೇ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ಅವಳ ತಲೆಗೆ ದೊಡ್ಡದಾಯಿತು. ಕೂಡಲೇ ತೆಗೆದಿಟ್ಟರೆ ಕೊಟ್ಟವರು ನೊಂದುಕೊಳ್ಳುತ್ತಾರೆಂದು ಹಾಗೇ ಕೂತು ನುಡಿಸಿದಳು. ಪೇಟ ಹುಬ್ಬು ದಾಟಿ ಕಣ್ಣಿನ ಮೇಲೆ ಬಂತು. ಪುಣ್ಯಕ್ಕೆ ಅವಳಿಗೆ ಪಾಠ ಬಾಯಿಗೆ ಬರುತ್ತಿತ್ತು.

ಆಮೇಲೆ ನಮ್ಮ ಕೃತಿ. ಅದು ಜೋರಾಗಿ, ಎಲ್ಲರೂ ಒಟ್ಟಿಗೆ ನುಗ್ಗುವಂತೆ ಶುರುವಾಗುತ್ತದೆ. ನಡುವೆ ಒಂದು ಕಡೆ ಎಲ್ಲವೂ ಅಡಗಿ, ದೊಡ್ಡ ಪಿಟೀಲುಗಳು ಮಾತ್ರ ಕೇಳಿಯೂ ಕೇಳದ ಹಾಗೆ ನುಡಿಯುತ್ತವೆ. ಅಲ್ಲಿಂದ ಕೊನೆಯವರೆಗೆ ನಿಧಾನ. ನಾವು ಆ ಮೆಲುದನಿಯ ಜಾಗಕ್ಕೆ ಬಂದಿದ್ದೆವಷ್ಟೆ, ಹೊರಗೆ ಪಟಾಕಿ ಸಿಡಿಯಿತು. ಸಭೆ ಎದ್ದು ನಿಂತಿತು. ಅಧ್ಯಕ್ಷರು ಮೈಕು ಕಿತ್ತುಕೊಂಡು ಮಾನ್ಯರು ಆಗಮಿಸುತ್ತಿದ್ದಾರೆಂದು ಘೋಷಿಸಿದರು. ವಿಜ್ಞಾನಿಗಳು ಎತ್ತಿದ ಕೈ ಎತ್ತಿದಂತೆಯೇ ನಿಂತಿದ್ದರು. ಹಾರ ಹಾಕಲು ತಯಾರಾಗಿ ನಿಂತಿದ್ದಾರೆಂದುಕೊಂಡು ಯಾರೋ ಆ ಕೈಗೇ ಹಾರ ತೂಗುಹಾಕಿದರು. ವಿಜ್ಞಾನಿಗಳು ಹೋಗಿ ಅದನ್ನು ಮುಖ್ಯ ಅತಿಥಿಗಳಿಗೆ ಹಾಕಿ ಬಂದರು.

ಮುಖ್ಯ ಅತಿಥಿಗಳ ಮಾತಾದ ಮೇಲೆ ವಂದನಾರ್ಪಣೆ. ವಂದನಾರ್ಪಣೆ ಆದ ಮೇಲೆ ಊಟ ಬಿಟ್ಟು ಬೇರೇನೂ ಇರುವ ಹಾಗಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ವಿಜ್ಞಾನಿಗಳ ಹೆಂಡತಿ ವೇದಿಕೆಯ ಹತ್ತಿರ ಬಂದು, "ಇಷ್ಟೇನಾ? ಇದ್ಕಾ ಅಷ್ಟ್ ವರ್ಸ ಬಾಗ್ಲಾಕ್ಕಂಡು ಕುಂತಿದ್ದು?" ಎಂದರು. ನಾನು ಪಿಟೀಲನ್ನು ಪೆಟ್ಟಿಗೆಗೆ ಇಡುತ್ತಿದ್ದಾಗ ವಿಜ್ಞಾನಿಗಳು ಪಕ್ಕಕ್ಕೆ ಬಂದು, "ಅವಳು ಒಂದು ಸಲ ಪೂರ್ತಿ ಕೇಳಲಿ ಮೇಡಂ. ಆಮೇಲೆ ಬೈದರೂ ಸರಿ" ಎಂದರು. ಅವರ ಬಾಯಿಂದ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಅದೇ ಮೊದಲು.

ಮದ್ದೂರಿನಲ್ಲಿ ಬೇರೆ ಮುಖ್ಯ ಅತಿಥಿಗಳು. ಅತಿಥಿ ಕಲಾವಿದರು ಮೈಸೂರಿನ ಕೊಳಲು ವಿದ್ವಾಂಸರು. ಅವರ ಸರದಿ ಮುಗಿದು, ನಮ್ಮ ಕೃತಿ ಶುರುವಾಗಿ, ಅದೇ ಜಾಗ ಬಂತು. ಪಟಾಕಿ ಸಿಡಿಯಿತು. ನನಗೆ ಸಿಟ್ಟು ನೆತ್ತಿಗೇರಿತು. ಊಟದ ಹೊತ್ತಿನಲ್ಲಿ ಮುಖ್ಯ ಅತಿಥಿಗಳ ಸಹಾಯಕನನ್ನು ಹಿಡಿದು, ಸರಿಯಾಗಿ ಅದೇ ಹೊತ್ತಿಗೆ ಬರಬೇಕೆಂದು ಎಲ್ಲಿಂದ ಕಲಿತು ಬರುತ್ತೀರಪ್ಪ ಎಂದು ಕೇಳಿಯೇಬಿಟ್ಟೆ. ಆತ ಪಾಪ, ಎಲೆ ಮೇಲಿನ ಕೈ ಎತ್ತದೆ ಹೇಳಿದ: ಅವರು ಆಗಲೇ ಬಂದು ಗೇಟಿನ ಹತ್ತಿರ ಕಾರಿನಲ್ಲಿ ಕೂತಿದ್ದರು. ನುಡಿಸುವಾಗ ಒಳಗೆ ನುಗ್ಗುವುದು ಮರ್ಯಾದೆಯಲ್ಲ, ಮುಗಿಯಲಿ ಎಂದು ಅವರೇ ಹೇಳಿದ್ದರು. ಸದ್ದು ನಿಂತಿತು, ಮುಗಿಯಿತೆಂದುಕೊಂಡು ಬಂದರು.

ಮರ್ಯಾದೆಯಿಂದಲೇ ನಮ್ಮ ಮಾನ ಹೋಗಿತ್ತು. ಬಹುಶಃ ಮಂಡ್ಯದಲ್ಲೂ ಆದದ್ದು ಅದೇ ಇರಬೇಕು.

ಮಳವಳ್ಳಿಗೆ ಮುಂಚೆ ಅಧ್ಯಕ್ಷರ ಮನೆಯಲ್ಲಿ ಸೇರಿದೆವು. ಉಳಿದಿದ್ದು ಅದೊಂದೇ ಕಛೇರಿ. ಮುಂದಿನ ವರ್ಷಕ್ಕೆ ಅಧ್ಯಕ್ಷರು ಬೇರೊಬ್ಬರ ಕೃತಿ ನುಡಿಸುವುದೆಂದು ಮಾತು ಕೊಟ್ಟಾಗಿತ್ತು. ಈಗಿಲ್ಲದಿದ್ದರೆ ಇನ್ನೆಂದೂ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರ ಸಲಹೆ ಸುಲಭದ್ದು: ಆ ಜಾಗದಲ್ಲೂ ಜೋರಾಗಿ ಬಾರಿಸಿಬಿಡಿ. ವಿಜ್ಞಾನಿಗಳು ಆಗಲ್ಲ ಎಂದರು. ಎರಡನೇ ಸಲ ಕೇಳಿದಾಗ ಎದ್ದು ನಿಂತು ಆಗಲ್ಲ ಎಂದರು. ಬಾಗಿಲಲ್ಲಿ ಯಾರನ್ನಾದರೂ ನಿಲ್ಲಿಸಿ, ಮುಗಿಯುವ ತನಕ ತಡೆಯಿರಿ ಎಂದೆ ನಾನು. ಅಧ್ಯಕ್ಷರು ನನ್ನನ್ನು ಕರುಣೆಯಿಂದ ನೋಡಿದರು. "ಮುಖ್ಯ ಅತಿಥಿನ ಬಾಗ್ಲಲ್ಲಿ ತಡೆಯೋ ಗಂಡ್ಸು ಈ ಮೂರು ತಾಲ್ಲೂಕ್ನಾಗೂ ಹುಟ್ಟಿಲ್ಲ ಕಣ್ ಟೀಚರಮ್ಮ."

ನನಗೆ ರೇಗಿಹೋಯಿತು. ಹಾಗಾದರೆ ವಿಜ್ಞಾನಿಗಳ ಹೆಂಡತಿಯನ್ನೇ ಮುಖ್ಯ ಅತಿಥಿ ಮಾಡಿ, ಮೊದಲೇ ಕರೆತಂದು ಕೂರಿಸಿಬಿಡಿ, ಆಮೇಲೆ ಬರುವುದಕ್ಕೆ ಯಾರೂ ಉಳಿಯುವುದಿಲ್ಲ ಎಂದೆ. ಕುಹಕಕ್ಕೆ ಆಡಿದ ಮಾತು. ಆದರೆ ಅಧ್ಯಕ್ಷರು ನಗಲಿಲ್ಲ. ಬಹಳ ಹೊತ್ತು ಯೋಚಿಸಿ, ಕಾರ್ಡಿನಲ್ಲಿ ಆಯಮ್ಮನ ಹೆಸರಿನ ಕೆಳಗೆ ಏನೆಂದು ಹಾಕಿಸುವುದು ಎಂದು ಕೇಳಿದರು. ಅವರ ಚಿಂತೆಯೆಲ್ಲ ಅಷ್ಟೇ. ರೈತರಾದರೆ ಪ್ರಗತಿಪರ ರೈತರು ಎಂದು ಹಾಕಿಸುವುದು ವಾಡಿಕೆಯಾದ್ದರಿಂದ, ಕೊನೆಗೆ ಪ್ರಗತಿಪರ ಗೃಹಿಣಿ ಎಂದು ಅಚ್ಚಾಯಿತು.

ಒಪ್ಪಿಸಲು ಹೋದವಳು ನಾನು. ಆಕೆ ಮೊದಲು ನನಗೆ ಬೈದರು, ಆಮೇಲೆ ಗಂಡನಿಗೆ ಬೈದರು, ಆಮೇಲೆ ಯಾವ ಸೀರೆ ಉಡಲಿ ಎಂದು ಕೇಳಿದರು.

ಮಳವಳ್ಳಿಯಲ್ಲಿ ನಮಗೆ ಸಿಕ್ಕಿದ್ದು ಕಲ್ಯಾಣಮಂಟಪ. ಮುಖ್ಯ ಅತಿಥಿಗಳಿಗೆಂದು ಗಂಡು ಹೆಣ್ಣು ಕೂರುವ ಕೆಂಪು ಮಖಮಲ್ಲಿನ ಜೋಡಿ ಕುರ್ಚಿಯನ್ನೇ ವೇದಿಕೆಯ ಮೇಲೆ ಹಾಕಿದ್ದರು. ಆಕೆ ಅದರ ನಡುವೆ ಕೂತರು. ಸ್ವಾಗತ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಮೊದಲೇ ಮುಗಿದವು. ಶಾಲು ಹೊದಿಸುವಾಗ ಅಧ್ಯಕ್ಷರು ನಡು ಬಗ್ಗಿಸಿ ಕೈ ಮುಗಿದ ರೀತಿ ನೋಡಿದರೆ ಆಕೆ ವಿಧಾನಸೌಧದಿಂದಲೇ ಬಂದವರೆಂದು ಯಾರಾದರೂ ನಂಬಬೇಕು. ಆ ದಿನದ ಅತಿಥಿ ಕಲಾವಿದರಿಗೆ ಬಸ್ಸು ತಪ್ಪಿಹೋಗಿ ಅವರು ಬರಲೇ ಇಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಕೃತಿ ಶುರುವಾಯಿತು. ಜೋರಿನ ಭಾಗ ದಾಟಿತು. ಎಲ್ಲ ಅಡಗಿ ದೊಡ್ಡ ಪಿಟೀಲುಗಳು ಸಣ್ಣಗೆ ಎಳೆಯಲು ಹಿಡಿದವು. ಆಗ ಹಿಂದಿನ ಬಾಗಿಲು ತೆರೆಯಿತು.

ಕಿರುಗಾವಲಿನಿಂದ ಆಕೆಯ ಅಣ್ಣ, ಒಂದು ಟೆಂಪೋ ತುಂಬ ನೆಂಟರನ್ನು ಕಟ್ಟಿಕೊಂಡು ಬಂದಿದ್ದರು. ಮನೆಮಗಳು ಮುಖ್ಯ ಅತಿಥಿಯಾಗಿದ್ದಾಳೆಂದರೆ ಬಾರದೆ ಇರುತ್ತಾರೆಯೇ? ಆರು ಜನ ಹೊತ್ತು ತಂದಿದ್ದ ಸೇಬಿನ ಹಾರ ನಡುದಾರಿಯಲ್ಲಿ ವೇದಿಕೆಯ ಕಡೆಗೆ ಬರುತ್ತಿತ್ತು. ಕೂತಿದ್ದ ಜನ ಏಳತೊಡಗಿದರು. ಅಧ್ಯಕ್ಷರ ಕೈ ತಾನಾಗಿ ಮೈಕಿನ ಕಡೆ ಹೋಯಿತು. ನನ್ನ ಸರದಿಗೆ ಕಮಾನನ್ನು ತಂತಿಯ ಮೇಲೆ ಇಟ್ಟುಕೊಂಡಿದ್ದ ನನಗೆ ಅಳುವುದೊಂದು ಬಾಕಿ. ವಿಜ್ಞಾನಿಗಳು ತಾಳ ನಿಲ್ಲಿಸಲಿಲ್ಲ.

ಆಕೆ ಕುರ್ಚಿಯಿಂದ ಏಳಲಿಲ್ಲ. ಬಲಗೈ ಎತ್ತಿ ಅಣ್ಣನ ಕಡೆ ಹಿಡಿದರು. ದನಿ ಎತ್ತರಿಸದೆ, ಆದರೆ ಎಲ್ಲರಿಗೂ ಕೇಳುವಂತೆ, "ಅಲ್ಲೇ ಕುಂತ್ಕೋ ಅಣ್ಣಯ್ಯ. ಇನ್ನೂ ಮುಗ್ದಿಲ್ಲ" ಎಂದರು.

ಮುಖ್ಯ ಅತಿಥಿಗಳ ಮಾತು. ಮೀರುವ ಹಾಗಿಲ್ಲ. ಅಣ್ಣ ನಿಂತಲ್ಲೇ ನೆಲದ ಮೇಲೆ ಕೂತರು. ಹಾರ ಹೊತ್ತ ಆರು ಜನರೂ ಕೂತರು. ಎದ್ದವರೆಲ್ಲ ಕೂತರು. ಅಧ್ಯಕ್ಷರು ಸಹ ಕೂತರು, ಕುರ್ಚಿ ಇಲ್ಲದ ಕಡೆ, ವೇದಿಕೆಯ ಮೆಟ್ಟಿಲ ಮೇಲೆ.

ಅಲ್ಲಿಂದ ಮುಂದಿನದನ್ನು ನಾವು ಅಭ್ಯಾಸದ ಕೋಣೆಯಲ್ಲಿ ಬಿಟ್ಟರೆ ಎಲ್ಲೂ ನುಡಿಸಿರಲಿಲ್ಲ. ಎರಡೇ ಪಿಟೀಲು ಒಂದಕ್ಕೊಂದು ನಿಧಾನವಾಗಿ ಉತ್ತರ ಕೊಡುತ್ತಾ ಹೋಗುತ್ತವೆ, ಅವುಗಳ ಕೆಳಗೆ ನಾವು ಉಳಿದವರು ಒಂದೇ ಸ್ವರ ಹಿಡಿದಿರುತ್ತೇವೆ. ಕೊನೆಗೆ ಒಂದು ಪಿಟೀಲು ಸುಮ್ಮನಾಗುತ್ತದೆ, ಇನ್ನೊಂದು ಸ್ವಲ್ಪ ಹೊತ್ತು ಇದ್ದು ಅದೂ ಸುಮ್ಮನಾಗುತ್ತದೆ. ಮುಗಿಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಚಪ್ಪಾಳೆ ಬರಲಿಲ್ಲ. ವಿಜ್ಞಾನಿಗಳು ಕೈ ಇಳಿಸಿ ನಮ್ಮ ಕಡೆ ಬಗ್ಗಿ, ಕೊನೆಯದು ಬಹಳ ಉದ್ದವಾಯಿತು, ಜನಕ್ಕೆ ಹಿಡಿಸಲಿಲ್ಲ, ತೆಗೆದುಬಿಡುತ್ತೇನೆ ಎಂದರು. ಅಷ್ಟು ವರ್ಷದ ಕೆಲಸವನ್ನು ಅವರು ಸೋತ ಪೈರಿನ ಹಾಗೆ ಕಿತ್ತುಹಾಕಲು ಹೊರಟಿದ್ದರು. ಆ ಮಾತು ಜೋಡಿ ಕುರ್ಚಿಯಲ್ಲಿದ್ದ ಆಕೆಗೂ ಕೇಳಿಸಿತು.

ಅಧ್ಯಕ್ಷರು ಕಾರ್ಯಕ್ರಮ ತಪ್ಪಿಸುವವರಲ್ಲ. ಈಗ ಮುಖ್ಯ ಅತಿಥಿಗಳ ನುಡಿ ಎಂದು ಕರೆದರು. ಆಕೆ ಶಾಲು ಸರಿಮಾಡಿಕೊಂಡು ಬಂದು ಮೈಕಿನ ಮುಂದೆ ನಿಂತರು. ಸಭೆಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ, ಎರಡು ಸಲ ಗಂಟಲು ಸರಿಮಾಡಿಕೊಂಡರು.

"ನಂಗೆ ಸಂಗೀತ ಗೊತ್ತಿಲ್ಲ. ಮೊದ್ಲು ಜೋರಾಗಿ ಬಾರಿಸಿದ್ರಲ್ಲ, ಅದೇನೂ ತಿಳೀನಿಲ್ಲ. ಕೊನೇಲಿ ಸಣ್ಣಗೆ ಬಂತಲ್ಲ, ಅದು ತಿಳೀತು." ಗಂಡನ ಕಡೆ ಕೈ ತೋರಿಸಿದರು. "ಇವ್ರು ಮನೇಲಿ ಮಾತಾಡದು ಕಮ್ಮಿ. ನನ್ನ ಜೊತೆ ಇಷ್ಟೊತ್ತು ಮಾತಾಡಿದ್ದು ಇವತ್ತೇ."

ಆಮೇಲೆ ಸಭೆಯನ್ನು ಬಿಟ್ಟು ಗಂಡನ ಕಡೆ ತಿರುಗಿದರು. ಮೈಕು ಇನ್ನೂ ಎದುರಿಗೇ ಇತ್ತು. "ಅದುನ್ನ ತೆಗೀಬ್ಯಾಡಿ ಕಣ್ರೀ."

ಅವರು ಆಯ್ತು ಎಂದರು.