ಅಪ್ಪನ ಧಮನಿಗೆ ಹುಡುಕಿದ ಮಾತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಪ್ಪನ ಹೃದಯದ ಸುದ್ದಿಯನ್ನು ನಾನು ಅವನಿಗೆ ಹೇಳಿದ್ದು ಡಾಕ್ಟರರ ದನಿಯಲ್ಲಿ, ಅವರಂತೆಯೇ ಮೂಗಿನಿಂದ. ಹೆದರಿದಾಗ ನನಗೆ ಬೇರೆಯವರ ದನಿಯೇ ಬಾಯಿಗೆ ಬರುತ್ತದೆ. ಅಪ್ಪ ಹಾಸಿಗೆಯ ಮೇಲೆ ಕೂತು ಮನಸಾರೆ ನಕ್ಕ.

ಸಯನ್‌ನ ಆಸ್ಪತ್ರೆಯ ವಾರ್ಡಿನ ಹೊರಗೆ ಡಾಕ್ಟರು ನನಗೊಬ್ಬನಿಗೇ ಹೇಳಿದ್ದರು: ದೊಡ್ಡ ಆರ್ಟರಿ ಬ್ಲಾಕ್ ಆಗಿದೆ, ಇವತ್ತೇ ಸ್ಟೆಂಟ್ ಹಾಕಬೇಕು, ಸಹಿ ಮಾಡಿಸು. ಮುಂಬೈಯಲ್ಲೇ ಹುಟ್ಟಿದ ನನ್ನ ಕನ್ನಡದಲ್ಲಿ ಆರ್ಟರಿಗೆ ಇದ್ದದ್ದು ಒಂದೇ ಪದ, ಧಮನಿ. ಭಾಂಡುಪ್‌ನ ನಮ್ಮ ಕನ್ನಡ ಸಂಘದ ಅಧ್ಯಕ್ಷರು ಪ್ರತಿ ನವೆಂಬರಿನಲ್ಲಿ "ನಮ್ಮ ಧಮನಿ ಧಮನಿಯಲ್ಲೂ ಕನ್ನಡ ಹರಿಯುತ್ತಿದೆ" ಎಂದು ಗುಡುಗುತ್ತಾರೆ. ಡಿಸೆಂಬರ್ ತನಕ ನಾನು ಅವರನ್ನು ಅಣಕಿಸುತ್ತೇನೆ. ಧಮನಿಯಲ್ಲಿ ರಕ್ತವೂ ಹರಿಯುತ್ತದೆಂದು ಹೊಳೆದದ್ದು ಅಂದೇ.

"ಅಪ್ಪಾ, ಖರೇನ ನಿನ್ನ ಧಮನಿ ಬಂದ್ ಆಗೈತಿ."

"ಲೇ ಮಂಗ್ಯಾ, ಬಸ್ ಕರ್, ಸಾಕು. ಇಲ್ಲೂ ಅಧ್ಯಕ್ಷರ ನಕಲ್ ಏನು?"

"ಎದಿಯೊಳಗಿನ ನರ, ಅಪ್ಪಾ."

"ನರ ಹಿಡಕೊಂಡ್ರ ಎಣ್ಣಿ ಹಚ್ಚಿ ತಿಕ್ಕಿದ್ರ ಬಿಡ್ತೈತಿ. ನಡೀರಿ ಮನಿಗೆ." ಕಾಲಿನಿಂದ ಚಪ್ಪಲಿಗೆ ತಡಕಾಡತೊಡಗಿದ.

ಮೂವತ್ತು ವರ್ಷ ಬಿಲ್ಡಿಂಗುಗಳ ನೀರಿನ ಪೈಪು ರಿಪೇರಿ ಮಾಡಿದವನು ಅಪ್ಪ. ಕೊನೆಗೆ ಅವನ ಕಸುಬಿನ ಮಾತನ್ನೇ ಹಿಡಿದೆ. "ಪೈಪ್ ಕಟ್ಟೈತಿ. ಒಳಗ ಒಂದು ಸಣ್ಣ ಜಾಳಿಗಿ ಇಟ್ಟು ಅಗಲ ಮಾಡ್ತಾರ."

ನಗು ನಿಂತಿತು. ಅವನಿಗೆ ಈಗ ಪೂರ್ತಿ ಅರ್ಥವಾಗಿತ್ತು; ಅನಾಹುತವಾದದ್ದೇ ಅಲ್ಲಿ.

"ಅರವತ್ತು ವರ್ಷದ ಪೈಪಿಗೆ ಕೈ ಹಚ್ಚಬಾರ್ದು. ಒಂದ್ ಕಡೆ ಬಿಡಿಸಾಕ ಹೋದ್ರ ಇನ್ನೊಂದ್ ಕಡೆ ಒಡೀತೈತಿ. ನಾ ಕಂಡೀನಿ."

ಹಣೆ ತುಂಬ ಬೆವರು. ಒಂದು ಕೈ ಎದೆಯನ್ನು ಬಿಟ್ಟು ಕದಲಲಿಲ್ಲ. ನರ್ಸ್ ಎರಡು ಸಲ ಬಂದು ಸಹಿಯ ಕಾಗದ ಕೇಳಿ ಹೋದಳು. ಬೇಡಿಕೊಂಡೆ, ಕಾಲು ಹಿಡಿದೆ, ಅತ್ತೆ. ಅಳುವುದನ್ನೂ ಯಾರದೋ ನಕಲು ಎಂದುಕೊಂಡು ಅವನು ಗೋಡೆಯತ್ತ ತಿರುಗಿದ. ಊರಿನವರ ದನಿಯನ್ನೆಲ್ಲ ಕದ್ದವನು ನಾನು; ನನ್ನ ದನಿಯಲ್ಲಿ ಅಪ್ಪನನ್ನು ಉಳಿಸಿಕೊಳ್ಳುವ ಒಂದು ಮಾತೂ ಇರಲಿಲ್ಲ.

ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅವ್ವ ಎದ್ದಳು. ಅವನ ಚಪ್ಪಲಿಗಳನ್ನು ಎತ್ತಿ ತನ್ನ ಚೀಲಕ್ಕೆ ತುರುಕಿದಳು. ಕಾಗದವನ್ನು ಅವನ ತೊಡೆಯ ಮೇಲಿಟ್ಟಳು.

"ಪೈಪ್ ಹಳೇದಾಗೈತಿ ಅಂತ ಯಾರ ಮನೀನಾದ್ರೂ ನೀರಿಲ್ದಂಗ ಬಿಟ್ಟು ಬಂದೀರೇನು? ಸಹಿ ಮಾಡ್ರಿ."